ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವರು ಕೂತಿದ್ದರು

ಪ್ರಶ್ನೆ: ನನಗೆ 58 ವರ್ಷ. ರಾಜಾಜಿನಗರದಲ್ಲಿ ಸ್ವಂತ ಹಳೇ ಮನೆ. ನಾಲ್ಕು ತಿಂಗಳ ಹಿಂದೆ ನಮ್ಮ ಯಜಮಾನರು ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. 33 ವರ್ಷದ ಸಂಸಾರ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಬೆಳಗಿನ ಜಾವ ಕಣ್ಣು ಬಿಟ್ಟರೆ, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅವರು ಕೂತಿದ್ದರು. ಅದೇ ಬೂದು ಬಣ್ಣದ ಸ್ವೆಟರ್. ಎದ್ದು ಕೂರುವಷ್ಟರಲ್ಲಿ ಇರಲಿಲ್ಲ. ಆಮೇಲೆ ಇನ್ನೂ ಮೂರು ಸಲ ಹೀಗೇ ಆಯಿತು. ಸಂಜೆ ಗೇಟಿನ ಚಿಲಕ ತೆಗೆದ ಸದ್ದೂ ಕೇಳಿಸುತ್ತದೆ. ನಾದಿನಿಗೆ ಹೇಳಿದೆ. ಅಣ್ಣನಿಗೆ ಮುಕ್ತಿ ಸಿಕ್ಕಿಲ್ಲ ಎಂದು ಅವಳು ಯಾರನ್ನೋ ಕರೆತಂದಳು. ಮನೆಗೆ ದಿಗ್ಬಂಧನ ಹಾಕಲು ಅವರು 60 ಸಾವಿರ ಕೇಳುತ್ತಿದ್ದಾರೆ. ಇಲ್ಲದಿದ್ದರೆ ಮನೆ ಮಾರಬೇಕಂತೆ. ಮಗಳು ವೈಟ್‌ಫೀಲ್ಡ್‌ನಲ್ಲಿದ್ದಾಳೆ. ಅಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಂಡಾಳು ಎಂದು ಅವಳಿಗೆ ಹೇಳಿಲ್ಲ. ನಿಜ ಹೇಳಲಾ? ಅವರು ಕಂಡಾಗ ನನಗೆ ಹೆದರಿಕೆ ಆಗಲಿಲ್ಲ. ದಿಗ್ಬಂಧನ ಹಾಕಿಸಿದರೆ ಇನ್ನು ಬರುವುದೇ ಇಲ್ಲವಲ್ಲ ಎಂಬುದೇ ಸಂಕಟ. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ 60 ಸಾವಿರ ಕೊಡಬೇಡಿ. ಮನೆ ಮಾರುವ ಮಾತು ಈಗ ಬೇಡವೇ ಬೇಡ. ದುಃಖದಲ್ಲಿರುವವರ ಮನೆಗೆ ಬಂದು ಹೆದರಿಸಿ ದುಡ್ಡು ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಜನರನ್ನು ಹಿಂಸಿಸುವುದರ ವಿರುದ್ಧ ನಮ್ಮ ರಾಜ್ಯದಲ್ಲಿ ಕಾನೂನೇ ಇದೆ. 2020ರಿಂದ ಜಾರಿಯಲ್ಲಿದೆ. ಅವರು ಮತ್ತೆ ಬಂದು ಒತ್ತಾಯ ಮಾಡಿದರೆ ಪೊಲೀಸರಿಗೆ ಹೇಳುತ್ತೇನೆ ಅನ್ನಿ.

ಇನ್ನು ನಿಮ್ಮ ಸಂಕಟದ ವಿಷಯ. ನಾನು ದೆವ್ವ ನಂಬುವವಳಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಿದರೆ ತಪ್ಪಾಗುತ್ತದೆ. ಆದರೆ ನೀವು ಕಂಡದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ನಿಮಗೆ ಅವರು ಕಂಡರು. ಅದು ಹೇಗೆ ಆಗುತ್ತದೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.

ಬೆಳಗಿನ ಜಾವದ ನಿದ್ದೆಯಲ್ಲಿ ಕನಸು ಜಾಸ್ತಿ. ಒಮ್ಮೊಮ್ಮೆ ಕಣ್ಣು ತೆರೆದಿರುತ್ತದೆ, ಕನಸು ಇನ್ನೂ ಬಿಟ್ಟಿರುವುದಿಲ್ಲ. ಆಗ ಎದುರಿಗಿರುವ ಕೋಣೆಯಲ್ಲೇ, ಎದುರಿಗಿರುವ ಕುರ್ಚಿಯಲ್ಲೇ ಕನಸು ಮುಂದುವರಿಯುತ್ತದೆ. 33 ವರ್ಷ ಆ ಕುರ್ಚಿಯಲ್ಲಿ ಒಬ್ಬರನ್ನೇ ನೋಡಿದ ಕಣ್ಣು ಅದು. ಖಾಲಿ ಕುರ್ಚಿ ನೋಡಿ ಅದಕ್ಕೆ ಅಭ್ಯಾಸವೇ ಇಲ್ಲ. ಗೇಟಿನ ಸದ್ದೂ ಹಾಗೇ. ಸಂಜೆಯಾದರೆ ಆ ಸದ್ದಿಗೆ ಕಾದು ಕೂತ ಕಿವಿ, ನಾಲ್ಕು ತಿಂಗಳಲ್ಲಿ ಕಾಯುವುದನ್ನು ಬಿಡುತ್ತದಾ?

ಇದು ನಿಮ್ಮೊಬ್ಬರಿಗೇ ಆದದ್ದಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ ಡ್ಯೂಯಿ ರೀಸ್ ಎಂಬ ಡಾಕ್ಟರ್, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದ್ದರು. 1971ರಲ್ಲಿ ಅದನ್ನು ಪ್ರಕಟಿಸಿದರು. ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಇಂಥ ಅನುಭವ ಆಗಿತ್ತು. ಅವರಲ್ಲಿ ಹೆಚ್ಚಿನವರಿಗೆ, ಹೋದವರು ಪಕ್ಕದಲ್ಲೇ ಇದ್ದಂತೆ ಅನಿಸಿತ್ತು. ಕೆಲವರಿಗೆ ಕಣ್ಣಿಗೇ ಕಂಡಿದ್ದರು, ಕೆಲವರಿಗೆ ದನಿ ಕೇಳಿಸಿತ್ತು. ಹೆಚ್ಚು ವರ್ಷ ಬಾಳಿದವರಲ್ಲಿ, ಚೆನ್ನಾಗಿ ಬಾಳಿದವರಲ್ಲಿ ಇದು ಜಾಸ್ತಿ. ಬಹಳಷ್ಟು ಜನ ಮನೆಯವರಿಗೂ ಬಾಯಿ ಬಿಟ್ಟಿರಲಿಲ್ಲ. ಇದು ಕಾಯಿಲೆಯಲ್ಲ, ಆಸರೆಯಾಗುವಂಥದ್ದು ಎಂದೇ ಆ ಡಾಕ್ಟರ್ ಬರೆದರು.

ನನ್ನದೂ ಒಂದು ಹೇಳುತ್ತೇನೆ. ನಮ್ಮಮ್ಮ ಹೋದ ಮೇಲೆ ಸುಮಾರು ಒಂದು ವರ್ಷ ಅಡುಗೆಮನೆಯಲ್ಲಿ ಅವರ ಬಳೆ ಸದ್ದು ಕೇಳಿಸುತ್ತಿತ್ತು. ಪಾತ್ರೆ ತೊಳೆಯುವಾಗ ಬಳೆ ಮೇಲೆ ಸರಿಸಿಕೊಳ್ಳುತ್ತಿದ್ದರಲ್ಲ, ಆ ಸದ್ದು. ಯಾರಿಗೂ ಹೇಳಲಿಲ್ಲ. ಐದು ವರ್ಷ ಆದ ಮೇಲೆ ಒಂದು ರಾತ್ರಿ ಮಾತಿಗೆ ಮಾತು ಬಂದು ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, ‘ನನಗೆ ಕೆಮ್ಮು ಕೇಳಿಸುತ್ತಿತ್ತು’ ಅಂದ. ಒಂದೇ ಮನೆಯಲ್ಲಿ ಐದು ವರ್ಷ ಇಬ್ಬರೂ ಬೇರೆ ಬೇರೆ ಕೂತು ಅತ್ತಿದ್ದೆವು. ಆ ಐದು ವರ್ಷ ನೆನೆದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ.

ನಾದಿನಿಯ ಮೇಲೆ ಬೇಜಾರು ಬೇಡ. ನೀವು ಸೊಸೆಯಾಗಿ ಬಂದ ಆ 1990ರ ದಶಕ ನೆನಪಿದೆಯಾ? ಬೆಂಗಳೂರಲ್ಲೂ ಎಷ್ಟೋ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ದೆವ್ವ ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಸಾವು ಅನ್ನುತ್ತಿದ್ದರು. ಆ ಭಯದಲ್ಲಿ ಬೆಳೆದವರಿಗೆ, ಸತ್ತವರು ಕಂಡರು ಅಂದ ತಕ್ಷಣ ಎದೆ ಧಸಕ್ಕೆನ್ನುವುದು ಸಹಜ. ಅದಕ್ಕಿಂತ ಮುಖ್ಯ, ಅವಳೂ ಅಣ್ಣನನ್ನು ಕಳೆದುಕೊಂಡವಳು. ಅವನಿಗಾಗಿ ಏನಾದರೂ ಮಾಡಬೇಕು ಅಂತ ಅವಳ ಕೈ ಒದ್ದಾಡುತ್ತಿದೆ. ಈ ಸಲ ಮಹಾಲಯ ಅಮಾವಾಸ್ಯೆಗೆ ಅವಳನ್ನೇ ಕರೆದು, ಅವರಿಗೆ ಇಷ್ಟವಾದ ಅಡುಗೆ ಮಾಡಿ, ಇಬ್ಬರೂ ಸೇರಿ ಎಡೆ ಇಡಿ. ಹೋದವರನ್ನು ಬನ್ನಿ ಎಂದು ಊಟಕ್ಕೆ ಕರೆಯುವ ಮನೆ ನಮ್ಮದು. ಅವರಿಗೇ ಬಾಗಿಲು ಕಟ್ಟುವುದು ಯಾಕೆ?

ಡಾಕ್ಟರ್ ಬೇಕಾಗುವ ಸಂದರ್ಭವೂ ಇದೆ. ರಾತ್ರಿಯೆಲ್ಲ ನಿದ್ದೆ ಬಾರದೇ ಹೋದರೆ, ಊಟ ಸೇರದಿದ್ದರೆ, ಹಗಲು ಪೂರ್ತಿ ಎಚ್ಚರವಿದ್ದಾಗಲೂ ಬೇರೆ ಬೇರೆಯವರು ಕಾಣತೊಡಗಿದರೆ, ಅಥವಾ ಅವರ ದನಿ ಇಂಥದ್ದು ಮಾಡು ಎಂದು ಅಪ್ಪಣೆ ಕೊಟ್ಟರೆ ತಡ ಮಾಡಬೇಡಿ. ನಾನೂ ಅವರ ಹಿಂದೆ ಹೋಗಿಬಿಡಲಾ ಅನ್ನಿಸಿದರೆ ಅದೇ ಕ್ಷಣ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಅಲ್ಲಿಗೆ ಹೋದವರೆಲ್ಲ ತಲೆ ಕೆಟ್ಟವರಲ್ಲ. ನಿಮ್ಮ ಪತ್ರದಲ್ಲಿ ಇಂಥದ್ದೇನೂ ನನಗೆ ಕಾಣಲಿಲ್ಲ. ಆದರೂ ಒಂದು ಸಲ ಕಣ್ಣು, ಬಿಪಿ, ಶುಗರ್ ತೋರಿಸಿಕೊಂಡು ಬನ್ನಿ. ನಾಲ್ಕು ತಿಂಗಳಿಂದ ನಿಮ್ಮ ಆರೋಗ್ಯ ಯಾರೂ ನೋಡಿಲ್ಲ ಅಲ್ವಾ?

ಅವರು ಮತ್ತೆ ಬರುತ್ತಾರಾ? ಬರಬಹುದು. ಕೆಲವರಿಗೆ ವರ್ಷಗಟ್ಟಲೆ ಕಾಣುತ್ತಾರೆ. ದಿನ ಕಳೆದ ಹಾಗೆ ಅಪರೂಪವೂ ಆಗಬಹುದು. ಹಾಗಾದಾಗ ಅವರನ್ನು ನೀವು ಮರೆತಿರಿ ಅಂತ ಅಂದುಕೊಳ್ಳಬೇಡಿ. ಬೆತ್ತದ ಕುರ್ಚಿ ಅಲ್ಲೇ ಇರಲಿ.

ಈ ಭಾನುವಾರ ಮಗಳನ್ನು ಮನೆಗೆ ಕರೆಯಿರಿ. ಊಟ ಆದ ಮೇಲೆ ಆ ಕಿಟಕಿ ಹತ್ತಿರ ಕೂತು, ‘ನಿಮ್ಮಪ್ಪ ನನಗೆ ಕಂಡರು’ ಅಂತ ಹೇಳಿ. ಸ್ವೆಟರ್ ವಿಷಯವನ್ನೂ ಹೇಳಿ. ಅತ್ತರೆ ಅಳಲಿ. ಆಮೇಲೆ ನಿಧಾನಕ್ಕೆ ಕೇಳಿ, ಅವಳಿಗೂ ಏನಾದರೂ ಕೇಳಿಸಿದೆಯಾ ಅಂತ.