ಶನಿವಾರಕ್ಕೆ ಸರಿದ ನವರಾತ್ರಿ

ಮೈಸೂರಿನ ಕುವೆಂಪುನಗರದ ಹಿರಿಯ ಓದುಗರೊಬ್ಬರ ಪತ್ರದ ಸಾರ: ನ್ಯೂಜೆರ್ಸಿಯಲ್ಲಿರುವ ಮಗಳು ನವರಾತ್ರಿಯ ಶನಿವಾರ ಒಂದು ದಿನ ಮಾತ್ರ ಗೊಂಬೆ ಕೂರಿಸುತ್ತಾಳೆ. ಮೊಮ್ಮಗಳು ಶಾಲೆಯಲ್ಲಿ ‘ಇದು ಹಿಂದೂಗಳ ಹಬ್ಬ’ ಎಂದು ಭಾಷಣ ಮಾಡಿದ್ದಾಳೆ. ‘ನಾವು ಯಾರಿಗೂ ಹೀಗೆ ಹೇಳಿಕೊಂಡವರಲ್ಲ. ಇದು ಹಬ್ಬವೋ ಪ್ರದರ್ಶನವೋ? ನನ್ನ ಪಟ್ಟದ ಗೊಂಬೆಗಳನ್ನು ಅಲ್ಲಿಗೆ ಕೊಡಲೋ ಬೇಡವೋ?’

ಅಮ್ಮಾ,

ಮೊದಲು ಶನಿವಾರದ ಮಾತು. ತಿಥಿ ಹುಟ್ಟುವ ಗಳಿಗೆ ಭೂಮಿಗೆಲ್ಲ ಒಂದೇ. ಹಬ್ಬ ಯಾವ ದಿನ ಎಂಬುದು ಹೆಚ್ಚಾಗಿ ಆಯಾ ಊರಿನ ಸೂರ್ಯೋದಯದಿಂದ ನಿಶ್ಚಯವಾಗುತ್ತದೆ. ಹಾಗಾಗಿ ಯುಗಾದಿ ಅಮೆರಿಕದಲ್ಲಿ ನಮಗಿಂತ ಒಂದು ದಿನ ಮೊದಲೇ ಬರುವುದುಂಟು. ಶನಿವಾರದ್ದು ಮಾತ್ರ ಬರೀ ರಜೆಯ ಲೆಕ್ಕ, ಒಪ್ಪುತ್ತೇನೆ. ಆದರೂ ಮಗಳ ಮೇಲೆ ಮುನಿಯಬೇಡಿ. ದೇವರಾಜ ಮಾರುಕಟ್ಟೆಯ ಸೇವಂತಿಗೆ, ಅರಮನೆಯ ದೀಪ, ತಾಲೀಮಿಗೆ ಬನ್ನಿಮಂಟಪದತ್ತ ಹೊರಟ ಆನೆಗಳು, ಮಕ್ಕಳ ದಸರಾ ರಜೆ: ಇಲ್ಲಿ ಊರೇ ಹಬ್ಬವನ್ನು ತಂದು ಬಾಗಿಲಿಗಿಡುತ್ತದೆ. ಅವಳ ಬೀದಿಗೆ ಅಕ್ಟೋಬರಿನಲ್ಲಿ ಬರುವುದು ಹ್ಯಾಲೋವೀನಿನ ಕುಂಬಳಕಾಯಿ. ನವರಾತ್ರಿಯನ್ನು ಅವಳೊಬ್ಬಳೇ ಹೊತ್ತು ತರಬೇಕು.

ಮೊಮ್ಮಗಳ ಭಾಷಣವೂ ಅಲ್ಲಿಂದಲೇ ಬಂದದ್ದು. ನಮ್ಮನ್ನು ಕೇಳುವುದು ‘ನಿಮ್ಮನೇಲಿ ಗೊಂಬೆ ಕೂರಿಸ್ತೀರಾ?’ ಎಂದು. ಅವಳನ್ನು ಕೇಳುವುದು ‘ನೀನು ಯಾರು?’ ಎಂದು. ಮಗು ಕೈಗೆ ಸಿಕ್ಕ ದೊಡ್ಡ ಪದವನ್ನು ಹಿಡಿದುಕೊಂಡಿದೆ, ತಪ್ಪೇನೂ ಇಲ್ಲ. ನನ್ನ ಆತಂಕ ಬೇರೆ. ಗುಜರಾತಿಗಳ ಗರ್ಬಾ, ಬಂಗಾಳಿಗಳ ದುರ್ಗಾಪೂಜೆ, ತಮಿಳರ ಕೊಲು, ನಮ್ಮ ಗೊಂಬೆ ಎಲ್ಲ ಒಂದೇ ಸಭಾಂಗಣದಲ್ಲಿ ‘ಹಿಂದೂ ಹಬ್ಬ’ವಾದಾಗ ಜನ ಹತ್ತಿರವಾಗುತ್ತಾರೆ, ಜೊತೆಗೆ ಮನೆಪದ್ಧತಿ ಸದ್ದಿಲ್ಲದೆ ಸವೆಯುತ್ತದೆ.

ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ಭಾರತೀಯರ ಕತೆ ಕೇಳಿ. 1845ರಿಂದ 1917ರವರೆಗೆ ಕೂಲಿಕರಾರಿನ ಮೇಲೆ ಕಬ್ಬಿನ ತೋಟಗಳಿಗೆ ಹೋದವರು ಅವರು. ಅವರ ಮರಿಮಕ್ಕಳ ಬಾಯಲ್ಲಿ ಭೋಜಪುರಿ ಬಹುಪಾಲು ಉಳಿಯಲಿಲ್ಲ. ಆದರೆ ದೀಪಾವಳಿಗೆ ಬಿದಿರು ಸೀಳಿ, ಕಮಾನು ಬಗ್ಗಿಸಿ, ಮಣ್ಣಿನ ಹಣತೆ ಸಾಲು ಹಚ್ಚುವುದನ್ನು ಅವರು ಬಿಟ್ಟಿಲ್ಲ. ಹಣತೆಗೆ ಇಂದಿಗೂ ‘ದೀಯಾ’ ಎಂದೇ ಹೆಸರು. 1966ರಿಂದ ಅದು ಅಲ್ಲಿ ರಾಷ್ಟ್ರೀಯ ರಜಾದಿನ. ಬೇರೆ ಧರ್ಮದ ನೆರೆಯವರೂ ಹಣತೆ ಹಚ್ಚಲು ಬರುತ್ತಾರೆ. ಮಾತು ಹೋದರೂ ಕೈ ಮರೆಯಲಿಲ್ಲ.

ನಮ್ಮ ದಸರೆಯೂ ವಲಸೆ ಬಂದದ್ದೇ ಅಲ್ಲವೇ? ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1799ರ ನಂತರ ರಾಜಧಾನಿಯ ಜೊತೆ ಅದೂ ಮೈಸೂರಿಗೆ ಬಂತು.

ಇನ್ನು ಪಟ್ಟದ ಗೊಂಬೆ. ತವರಿನಿಂದ ಮಗಳಿಗೆ ಹೋಗುವ ಜೋಡಿ ಅದು, ಕೊಟ್ಟುಬಿಡಿ ಎನ್ನುತ್ತಿದ್ದೆ. ಆದರೆ ಹಳೆಯ ಜೋಡಿಗಳು ಬಹುಮಟ್ಟಿಗೆ ರಕ್ತಚಂದನದವು. ಆ ಮರವನ್ನು ದೇಶದಾಚೆ ಒಯ್ಯಲು ಕಟ್ಟುನಿಟ್ಟಿನ ನಿರ್ಬಂಧವಿದೆ. ಅವು ನಿಮ್ಮಲ್ಲೇ ಇರಲಿ. ಚನ್ನಪಟ್ಟಣದಿಂದ ಹಾಲೆಮರದ ರಾಜ-ರಾಣಿ ತರಿಸಿ, ಬಟ್ಟೆ ಉಡಿಸದೆ ಕಳಿಸಿ. ಜೊತೆಗೆ ನಿಮ್ಮ ಹಳೇ ರೇಷ್ಮೆ ಸೀರೆಯ ಸೆರಗಿನ ತುಂಡೊಂದನ್ನು ಇಡಿ. ಪಾಡ್ಯದ ಬೆಳಗ್ಗೆ ಶಾಲೆಗೆ ಹೊರಡುವ ಮುನ್ನ ಮೊಮ್ಮಗಳು ಆ ಎರಡನ್ನು ಮಾತ್ರ ಕೂರಿಸಲಿ. ಉಳಿದ ಮೆಟ್ಟಿಲುಗಳು ಶನಿವಾರಕ್ಕಾಗಲಿ. ರಾಣಿಗೆ ನೆರಿಗೆ ಹಿಡಿಯುವುದನ್ನು ಫೋನಿನಲ್ಲಿ ನೀವೇ ಕನ್ನಡದಲ್ಲಿ ಹೇಳಿಕೊಡಿ. ಶನಿವಾರ ಬಂದ ಮಕ್ಕಳಿಗೆ ಗೊಂಬೆ ಬಾಗಿನ ಕೊಡುವಾಗ ಅವಳು ಹೇಳಲಿ: ‘ಈ ಸೀರೆ ನಮ್ಮಜ್ಜಿದು.’

– ಸಂಪಾದಕ