ಪ್ರತಿಕ್ರಿಯೆ: ಪೆಟ್ರೋಲ್ ಸೆಸ್ ಕಟ್ಟುತ್ತಿದ್ದರೂ ನಮ್ಮೂರ ರಸ್ತೆಯ ಅರ್ಜಿ ವಾಪಸ್ ಬಂತು, ಯಾಕೆ?

ನಿಮ್ಮದು ಗ್ರಾಮೀಣ ರಸ್ತೆ ಎಂದು ದಾಖಲಾಗಿರಬೇಕು. ನೀವು ಕಟ್ಟುವ ಸೆಸ್ (ಇಂಧನದ ಮೇಲಿನ ವಿಶೇಷ ಸುಂಕ) ಉದ್ದೇಶಿಸಿರುವುದು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಗೆ. ಅದರಲ್ಲಿ ರಾಜ್ಯ ರಸ್ತೆಗಳ ಪಾಲಿನಿಂದ ಗ್ರಾಮೀಣ ರಸ್ತೆಗೆ ಹಣ ಕೊಡುವುದಿಲ್ಲ. ಅದಕ್ಕೆ ಗ್ರಾಮ ಸಡಕ್ ಯೋಜನೆಯ ಪಾಲೇ ಬೇರೆ. ಇನ್ನೊಂದು ಮಾತು: ಈ ನಿಧಿಯ 2000ರ ಕಾಯ್ದೆಯ ಪ್ರಕಾರ ಸೆಸ್ ನೇರವಾಗಿ ಈ ನಿಧಿಗೆ ಬೀಳುವುದಿಲ್ಲ. ಮೊದಲು ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರದ ಮುಖ್ಯ ಖಜಾನೆಗೆ ಹೋಗುತ್ತದೆ, ಸಂಸತ್ತು ಒಪ್ಪಿದಷ್ಟು ಮಾತ್ರ ಇಲ್ಲಿಗೆ ಬರುತ್ತದೆ. 2022ರ ಮೇ ಕಡಿತದ ನಂತರ ಈ ಸೆಸ್ ಲೀಟರಿಗೆ ಪೆಟ್ರೋಲ್‌ಗೆ 5, ಡೀಸೆಲ್‌ಗೆ 2 ರೂಪಾಯಿಗೆ ಇಳಿಯಿತು. ಕರ್ನಾಟಕದ ಮಾರಾಟ ತೆರಿಗೆ ಇದರಲ್ಲಿ ಸೇರಿಲ್ಲ.

ಮೊದಲು ಲೋಕೋಪಯೋಗಿ ಇಲಾಖೆಯ ಉಪವಿಭಾಗ ಕಚೇರಿಯಲ್ಲಿ ರಸ್ತೆ ಯಾವ ವರ್ಗದ್ದೆಂದು ಕೇಳಿ. ಬಾಯಿಮಾತು ನಂಬಬೇಡಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಬರಹದಲ್ಲೇ ಪಡೆಯಿರಿ. ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ. ಉತ್ತರಕ್ಕೆ 30 ದಿನದ ಗಡುವಿದೆ.

ಜಿಲ್ಲಾ ಮುಖ್ಯ ರಸ್ತೆ ಅಥವಾ ರಾಜ್ಯ ಹೆದ್ದಾರಿ ಎಂದು ಬಂದರೆ, ಶಾಸಕರ ಪತ್ರದೊಂದಿಗೆ ಕಾರ್ಯಪಾಲಕ ಎಂಜಿನಿಯರ್‌ಗೆ ಮನವಿ ಕೊಡಿ. ದೆಹಲಿಗೆ ನೇರವಾಗಿ ಬರೆದು ಪ್ರಯೋಜನವಿಲ್ಲ, ಪ್ರಸ್ತಾವ ರಾಜ್ಯದಿಂದಲೇ ಹೋಗಬೇಕು. ಗ್ರಾಮೀಣ ರಸ್ತೆಯೇ ಆಗಿದ್ದರೆ ಅದೇ ಮನವಿಯನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಕೊಡಿ.