ಓದುಗರ ಪ್ರಶ್ನೆ: ಕಾರಿನ ಹಿಂದೆ ಟ್ರೈಲರ್

ಪ್ರಶ್ನೆ: ಕಾಫಿ ಚೀಲ ಸಾಗಿಸಲು ನಮ್ಮ ಎಸ್‌ಯುವಿಗೆ ಎರಡು ಚಕ್ರದ ಟ್ರೈಲರ್ ಕಟ್ಟಿಸಿದ್ದೇವೆ. ಖಾಲಿ ತೂಕ 200 ಕೆ.ಜಿ., ಬ್ರೇಕ್ ಇಲ್ಲ. 12 ಚೀಲ ಹೇರಿ ಹಾಸನದ ಕಡೆ ಹೊರಟರೆ ವೇಗ 60 ದಾಟುತ್ತಿದ್ದಂತೆ ಟ್ರೈಲರ್ ಅತ್ತಿತ್ತ ಓಲಾಡಿ ಕಾರನ್ನೂ ಎಳೆದಾಡುತ್ತದೆ. ಟೈರ್ ಹೊಸದು. ದೋಷ ಎಲ್ಲಿದೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬಹುಪಾಲು ಹೇರಿದ ರೀತಿಯಲ್ಲೇ. ಎತ್ತಿನಗಾಡಿ ಹೊಡೆದವರಿಗೆ ಇದು ಗೊತ್ತು: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೈಲರ್ ಕಾರಿನ ಹಿಂಬದಿಯನ್ನು ಹಾಗೆಯೇ ಎತ್ತುತ್ತದೆ, ಹಿಂದಿನ ಟೈರುಗಳ ಹಿಡಿತ ತಪ್ಪುತ್ತದೆ.

ಚೀಲಕ್ಕೆ 50 ಕೆ.ಜಿ.ಯಂತೆ 600, ಗಾಡಿ ಸೇರಿ 800 ಕೆ.ಜಿ. ಇದರಲ್ಲಿ ಶೇ. 5ರಿಂದ 10, ಅಂದರೆ 40–80 ಕೆ.ಜಿ. ಹಿಚ್ (ಕಾರಿನ ಹಿಂದೆ ಟ್ರೈಲರ್ ಸೇರಿಸುವ ಕೊಂಡಿ) ಮೇಲೆ ಬೀಳಬೇಕು. 60ರ ಆಸುಪಾಸು ಇಟ್ಟುಕೊಳ್ಳಿ. ಕಾರಿನ ಕೈಪಿಡಿ ಅದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದೇ ಅಂತಿಮ. ಅಳೆಯಲು ಮೈತೂಕ ನೋಡುವ ಯಂತ್ರ ಸಾಕು. ಸಮತಟ್ಟು ಜಾಗದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಚ್‌ನಷ್ಟೇ ಎತ್ತರಕ್ಕೆ ಬರುವಂತೆ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಟ್ರೈಲರ್‌ನ ಮೂತಿಯನ್ನು (ಹಿಚ್‌ಗೆ ಸೇರುವ ಮುಂತುದಿ) ಅದರ ಮೇಲೆ ಇಳಿಸಿ. ಅಚ್ಚಿನಿಂದ ಹಿಚ್‌ಗೆ 2.5 ಮೀಟರ್ ಇದ್ದರೆ, ಒಂದು ಚೀಲವನ್ನು 60 ಸೆಂ.ಮೀ. ಮುಂದಕ್ಕೆ ಸರಿಸಿದಾಗ ಮೂತಿಯ ಭಾರ 12 ಕೆ.ಜಿ. ಏರುತ್ತದೆ. ಎಲ್ಲವನ್ನೂ ಮುಂದಕ್ಕೆ ತುಂಬಿದರೂ ತಪ್ಪು: ಕಾರಿನ ಮುಂಭಾಗ ಎದ್ದು ಸ್ಟೀರಿಂಗ್ ಹಗುರಾಗುತ್ತದೆ. ಹೆಚ್ಚಿನ ಚೀಲಗಳು ಅಚ್ಚಿನ ಮೇಲೆ, ತುಸು ಮುಂದೆ, ತಗ್ಗಾಗಿ ಇರಲಿ. ಹೊಸ ಟೈರಾದರೂ ಗಾಳಿ ಕಡಿಮೆಯಿದ್ದರೆ ಬದಿ ಬಳುಕಿ ಓಲಾಟ ಹೆಚ್ಚುತ್ತದೆ.

ಓಲಾಟ ಶುರುವಾದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ. ತಿರುಗಿಸಿ ಸರಿಪಡಿಸಲು ಹೋದರೆ ಹೆಚ್ಚುತ್ತದೆ. ದಿಢೀರ್ ಬ್ರೇಕ್ ಒತ್ತಿದರೆ ಟ್ರೈಲರ್ ಕಾರನ್ನು ಮಡಚಿಹಾಕಬಹುದು. ವೇಗ ಹೆಚ್ಚಿಸಿ ಪಾರಾಗುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಇನ್ನೊಂದು ಮಾತು: ಯುರೋಪಿನಲ್ಲಿ ಒಟ್ಟು ತೂಕ 750 ಕೆ.ಜಿ. ಮೀರುವ ಟ್ರೈಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ನಿಮ್ಮದು 800. ಎರಡು ಚೀಲ ಇಳಿಸಿ, ಇಲ್ಲವೇ ಬ್ರೇಕ್ ಹಾಕಿಸಿ.

ಪ್ರಶ್ನೆ: ಬಂಪರ್‌ಗೆ ಬೆಸುಗೆ ಹಾಕಿದ ಹಿಚ್ ನಡೆಯುತ್ತದೆಯೇ? ಚೈನು ಬೇಕೇ ಬೇಕೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಡೆಯುವುದಿಲ್ಲ. ಹಿಚ್ ಚಾಸಿಗೆ ಬೋಲ್ಟ್ ಆಗಬೇಕು. ಹಿಚ್‌ನ ಗುಂಡಿನ ಅಳತೆಯನ್ನೂ ನೋಡಿ: 50 ಮಿ.ಮೀ. ಮತ್ತು 2 ಇಂಚು (50.8 ಮಿ.ಮೀ.) ಎರಡೂ ಚಾಲ್ತಿಯಲ್ಲಿವೆ, ಕಣ್ಣಿಗೆ ಒಂದೇ. ಗುಂಡಿನ ಮೇಲೆ ಕೂರುವ ಟ್ರೈಲರ್ ಮೂತಿಯ ಟೋಪಿ 2 ಇಂಚಿನದಾದರೆ 50ರ ಗುಂಡಿನ ಮೇಲೆ ಸಡಿಲ. ಅದಲುಬದಲಾದರೆ ಲಾಕ್ ಪೂರ್ತಿ ಕೂರುವುದಿಲ್ಲ. ಲಾಕ್ ಹಾಕಿದ ಮೇಲೆ ಟ್ರೈಲರ್ ಮೂತಿಯನ್ನು ಜ್ಯಾಕ್‌ನಿಂದ ಎತ್ತಿ ನೋಡಿ. ಕಾರಿನ ಹಿಂಬದಿಯೂ ಜೊತೆಗೆ ಏಳಬೇಕು.

ಚೈನು ಬೇಕೇ ಬೇಕು, ಅದೂ ಎರಡು, ಮೂತಿಯ ಕೆಳಗೆ ಕತ್ತರಿಯಾಗಿ. ಹಿಚ್ ಕಳಚಿದರೆ ಮೂತಿ ರಸ್ತೆಗೆ ಬಡಿಯದೆ ಚೈನಿನ ತೊಟ್ಟಿಲಿಗೆ ಬೀಳುತ್ತದೆ. ತಿರುವಿಗೆ ಬೇಕಾದಷ್ಟೇ ಸಡಿಲ ಬಿಡಿ.

ಕಾಗದಪತ್ರದ ವಿಷಯವನ್ನು ನೀವು ಕೇಳಿಲ್ಲ. ಆದರೂ: ಟ್ರೈಲರ್‌ಗೆ ಪ್ರತ್ಯೇಕ ನೋಂದಣಿ ಬೇಕು, ಎಳೆಯುವ ಕಾರಿನ ಸಂಖ್ಯೆಯೂ ಅದರ ಹಿಂದೆ ಕಾಣಬೇಕು.

ಪ್ರಶ್ನೆ: ಟ್ರೈಲರ್ ಕಟ್ಟಿಕೊಂಡು ಚಾರ್ಮಾಡಿ ಇಳಿದಾಗ ಬ್ರೇಕ್ ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಯಿತು. ಯಾಕೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ವಾಸನೆ ಪ್ಯಾಡ್‌ನದು, ಪೆಡಲ್ ಮೆತ್ತಗಾಗುವುದು ಬ್ರೇಕ್ ಆಯಿಲ್ ಕುದಿದಾಗ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತಾಳಬೇಕು. ನೀರು ಸೇರಿದ ಮೇಲಿನ ಮಾನದಂಡ 155 ಡಿಗ್ರಿ ಮಾತ್ರ. ಮಲೆನಾಡಿನ ಮಳೆಯಲ್ಲಿ ಓಡುವ ಕಾರಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರ್‌ಗೆ ಬನ್ನಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಪೆಡಲ್ ಮತ್ತೆ ಮೆತ್ತಗಾದರೆ ಅಗಲವಿರುವಲ್ಲಿ ನಿಲ್ಲಿಸಿ ಆರಲು ಬಿಡಿ. ಬಿಸಿ ಡಿಸ್ಕ್‌ಗೆ ನೀರು ಎರಚಬಾರದು, ಸೊಟ್ಟಗಾಗುತ್ತದೆ.

ಪ್ರಶ್ನೆ: ರಿವರ್ಸ್ ತೆಗೆಯುವಾಗ ಟ್ರೈಲರ್ ಉಲ್ಟಾ ಹೋಗುತ್ತದೆ.
– ಓದುಗರೊಬ್ಬರು, ಬೇಲೂರು

ಉತ್ತರ: ಸ್ಟೀರಿಂಗ್‌ನ ತಳಭಾಗ ಹಿಡಿಯಿರಿ. ಟ್ರೈಲರ್ ಎಡಕ್ಕೆ ಹೋಗಬೇಕಿದ್ದರೆ ಕೈ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಮಡಚತೊಡಗಿದರೆ ಮುಂದೆ ಹೋಗಿ ನೇರ ಮಾಡಿಕೊಂಡು ಮತ್ತೆ ತೆಗೆಯಿರಿ.